ಸಹಿ ಹಾಕದ ಅಪ್ಪ, ಸಾಲ ಕೊಡದ ಬ್ಯಾಂಕು

ಶಿಕ್ಷಣ ಸಾಲದ ನಿಯಮಗಳನ್ನು ಬರೆಯುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಪ್ಪ ಬದುಕಿದ್ದಾರೆ. ಆರೋಗ್ಯವಾಗಿದ್ದಾರೆ. ಬನ್ನೂರಿನಲ್ಲಿ ಅವರದೊಂದು ರೈಸ್ ಮಿಲ್ ಇದೆ, ಅದೂ ಚೆನ್ನಾಗಿಯೇ ನಡೆಯುತ್ತಿದೆ. ಕೇಳಿದವರಿಗೆ ಇದು ಭಾಗ್ಯವೆನಿಸಬಹುದು. ಆದರೆ ಇದೇ ಕಾರಣಕ್ಕೆ ನಿಮ್ಮ ಬ್ಯಾಂಕು ನನಗೆ ಓದಲು ಸಾಲ ಕೊಡಲಿಲ್ಲ. ಇದೇ ಕಾರಣಕ್ಕೆ ವಿದ್ಯಾರ್ಥಿವೇತನವೂ ಸಿಗಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿ ನನಗೆ ಸಿಕ್ಕಿದ್ದ ಫಿಸಿಯೋಥೆರಪಿ ಸೀಟು ಈ ವರ್ಷ ಬೇರೆ ಯಾರದೋ ಪಾಲಾಯಿತು. ಆ ಯಾರೋ ಚೆನ್ನಾಗಿ ಓದಲಿ. ನನ್ನ ತಕರಾರು ಅವರ ಮೇಲಲ್ಲ, ತಮ್ಮ ಮೇಲೆ.

ಅಪ್ಪ ಕೆಟ್ಟವರೆಂದು ತಾವು ಈಗಲೇ ತೀರ್ಮಾನಿಸಬೇಡಿ. ಅಮ್ಮ ತೀರಿಕೊಂಡಾಗ ನನಗೆ ಶಾಲೆಗೆ ಹೋಗುವ ವಯಸ್ಸೂ ಆಗಿರಲಿಲ್ಲ. ಅಪ್ಪ ಇನ್ನೊಂದು ಮದುವೆಯಾಗಲಿಲ್ಲ. ನನ್ನನ್ನೂ ಅಕ್ಕ ಚೈತ್ರಳನ್ನೂ ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಆಮೇಲೆ ಮಿಲ್ಲಿಗೆ ಹೋಗುತ್ತಿದ್ದರು. ಜಡೆ ಹಾಕುವುದನ್ನು ಅಜ್ಜಿಯಿಂದ ಕಲಿತು, ತಪ್ಪುತಪ್ಪಾಗಿ ಹಾಕುತ್ತಿದ್ದರು. ಇಂಥ ಅಪ್ಪ ಈಗ ನನ್ನ ಜೊತೆ ಮಾತಾಡುವುದಿಲ್ಲ. ಯಾಕೆಂದರೆ ಕಳೆದ ಬೇಸಿಗೆಯಲ್ಲಿ ಅಕ್ಕ, ತನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಹೆಮ್ಮರಗಾಲದ ನಾಗೇಂದ್ರ ಅವರನ್ನು ಮದುವೆಯಾದಳು. ಅವರ ಜಾತಿ ಬೇರೆ. ನಮ್ಮ ಕಡೆ ಈ ಎರಡು ಪದ ಹೇಳಿದರೆ ಸಾಕು, ಉಳಿದದ್ದನ್ನು ಕೇಳುವವರೇ ಊಹಿಸಿಕೊಳ್ಳುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಆದ ಆ ಮದುವೆಗೆ ನಮ್ಮ ಮನೆಯಿಂದ ಹೋದವಳು ನಾನೊಬ್ಬಳೇ. ಆಗಷ್ಟೇ ನನಗೆ ಹದಿನೆಂಟು ತುಂಬಿತ್ತು. ಸಾಕ್ಷಿಯೆಂದು ಸಹಿ ಹಾಕಿದೆ.

ಆ ಸಹಿಯನ್ನು ಸರ್ಕಾರ ತಕರಾರಿಲ್ಲದೆ ಒಪ್ಪಿಕೊಂಡಿತು. ನನ್ನ ಅಪ್ಪನನ್ನು ಕರೆತಾ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಇಬ್ಬರನ್ನು ಗಂಡಹೆಂಡಿರನ್ನಾಗಿ ಮಾಡಲು ಸಾಕಾದ ನನ್ನ ಸಹಿ, ನನ್ನದೇ ಓದಿನ ಸಾಲಕ್ಕೆ ಮಾತ್ರ ಸಾಲದು ಎನ್ನುತ್ತೀರಲ್ಲ, ಇದು ಯಾವ ಲೆಕ್ಕದ ನ್ಯಾಯ?

ಫಿಸಿಯೋಥೆರಪಿಯೇ ಯಾಕೆ ಎಂದು ತಾವು ಕೇಳಬಹುದು. ನನ್ನ ಅಜ್ಜಿ ಚನ್ನಾಜಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ತಿ. ನರಸೀಪುರದಿಂದ ಒಬ್ಬ ಹುಡುಗಿ ಬಂದು ಆ ಕೈಯನ್ನು ಮಗುವಿಗೆ ನಡಿಗೆ ಕಲಿಸುವ ಹಾಗೆ ಎಬ್ಬಿಸಿದಳು. ಅಜ್ಜಿ ತಾನೇ ಲೋಟ ಎತ್ತಿ ಕಾಫಿ ಕುಡಿದ ದಿನ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಇದನ್ನೇ ಕಲಿಯುತ್ತೇನೆ ಎಂದು ಅಂದುಕೊಂಡದ್ದು ಅಲ್ಲೇ.

ಅಕ್ಕನ ಮದುವೆಯ ನಂತರ ನಾನು ಮನೆ ಬಿಟ್ಟು ನಂಜನಗೂಡಿಗೆ ಬಂದಿದ್ದೆ, ಸೀಟು ಸಿಕ್ಕಿದ ಮೇಲೆ ಅಲ್ಲಿನ ಶಾಖೆಗೇ ಹೋದೆ. ಆಧಾರ್ ಕಾರ್ಡಿನಲ್ಲಿ ಬನ್ನೂರು ಇರುವುದರಿಂದ ತಿ. ನರಸೀಪುರದ ಶಾಖೆಗೆ ಹೋಗಬೇಕೆಂದರು. ಹೋದೆ. ಅಲ್ಲಿನ ಸಾಲದ ಅಧಿಕಾರಿ ನನ್ನ ಅಂಕಪಟ್ಟಿ ನೋಡಿ ಖುಷಿಪಟ್ಟರು. ಆಮೇಲೆ ಕೇಳಿದರು:

"ಎಲ್ಲಾ ಸರಿಯಾಗಿದೆಯಮ್ಮ. ತಂದೆ ಎಲ್ಲಿ? ಜಂಟಿ ಸಾಲಗಾರ ಅಂತ ಅವರ ಸೈನ್ ಬೇಕಲ್ಲ."

"ಅವರು ಹಾಕಲ್ಲ ಸರ್."

"ಹಾಕಲ್ಲ ಅಂದ್ರೆ? ಅಪ್ಪ ಅಲ್ವೇನಮ್ಮ? ಕಾಲಿಗೆ ಬಿದ್ದು ಕೇಳು, ಕರಗ್ತಾರೆ."

ಮಾನ್ಯರೇ, ಕಾಲಿಗೆ ಬೀಳುವುದು ತಮ್ಮ ನಿಯಮಾವಳಿಯ ಎಷ್ಟನೇ ಕಲಮಿನಲ್ಲಿದೆ? ಭಾವನವರು ಸಹಿ ಹಾಕಲು ಸಿದ್ಧರಿದ್ದರು. ಮದುವೆಯಾದ ಮೇಲೆ ಇಬ್ಬರೂ ಊರು ಬಿಟ್ಟು ಬಳ್ಳಾರಿಗೆ ಹೋಗಿದ್ದಾರೆ. ಅಕ್ಕನಿಗೆ ಅಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ, ಭಾವನದು ಹೊಸ ಕೆಲಸ, ಕಾಯಂ ಆಗಿಲ್ಲ, ಹಾಗಾಗಿ ಅವರ ಸಹಿ ನಡೆಯುವುದಿಲ್ಲ ಎಂದರು ಬ್ಯಾಂಕಿನವರು. ಅಮ್ಮನ ಸಹಿ ಕೇಳಿದಾಗ ಮರಣ ಪ್ರಮಾಣಪತ್ರ ತೋರಿಸಿದೆ. ಅದನ್ನು ಒಂದೇ ಕ್ಷಣದಲ್ಲಿ ಒಪ್ಪಿಕೊಂಡರು. ಹಾಗಾದರೆ ಅಪ್ಪ ನನ್ನನ್ನು ಕೈಬಿಟ್ಟಿದ್ದಾರೆ ಎನ್ನುವುದಕ್ಕೂ ಒಂದು ಪ್ರಮಾಣಪತ್ರ ತರೋಣವೆಂದು ನಾಡಕಚೇರಿಗೆ ಹೋದೆ. ಅಲ್ಲಿದ್ದವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡವ್ವ, ಅಪ್ಪ ಸತ್ತೋಗಿದ್ರೆ ಡೆತ್ ಸರ್ಟಿಫಿಕೇಟು. ಓಡೋಗಿದ್ರೆ ಪೊಲೀಸ್ ಕಂಪ್ಲೇಂಟು. ಮನೇಲೇ ಕೂತ್ಕಂಡು ಮಗಳ ಮೇಲೆ ಮುನಿಸ್ಕಂಡವ್ರೆ ಅಂದ್ರೆ ನಾವು ಏನಂತ ಬರ್ಕೊಡಾಣ?"

ಅವರು ಗೇಲಿ ಮಾಡಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ತಮಗೇನಾದರೂ ಗೊತ್ತೇ? ಅಪ್ಪನ ಆದಾಯ ಬರೆದ ಪತ್ರವನ್ನು ಮಾತ್ರ ಅದೇ ಕಚೇರಿ ಕೊಟ್ಟಿತು. ಅದನ್ನು ನೋಡಿದ ವಿದ್ಯಾರ್ಥಿವೇತನದವರು ನೀನು ಅನುಕೂಲಸ್ಥರ ಮಗಳು, ನಿನಗೆ ಬೇಡ ಎಂದರು. ಕೊಡುವಾಗ ಅಪ್ಪ ನನ್ನವರಲ್ಲ, ಲೆಕ್ಕ ಹಾಕುವಾಗ ಮಾತ್ರ ನನ್ನವರು!

ಕೊನೆಗೆ ಕಾಲಿಗೆ ಬೀಳುವುದಕ್ಕೂ ಹೋದೆ. ಅಪ್ಪ ಮಿಲ್ಲಿನಲ್ಲಿದ್ದರು. ಮೆಷಿನ್ನಿನ ಸದ್ದಿನಲ್ಲಿ ನನ್ನ ಮಾತು ಕೇಳಿಸದೆ, ಅದನ್ನು ನಿಲ್ಲಿಸಲು ಹೇಳಿದರು. ಹಠಾತ್ತನೆ ಎಲ್ಲ ನಿಶ್ಶಬ್ದವಾಗಿ, ಮೂಟೆ ಹೊರುತ್ತಿದ್ದವರೆಲ್ಲ ನಮ್ಮಿಬ್ಬರ ಕಡೆ ತಿರುಗಿದರು.

"ನಿಮ್ಮಕ್ಕನ ಮದ್ವೆಗೆ ಸೈನ್ ಹಾಕಾಗ ನನ್ನ ಕೇಳಿದ್ಯಾ?" ಎಂದರು ಅಪ್ಪ.

"ಇಲ್ಲ."

"ಈಗ ಯಾಕೆ ಕೇಳ್ತೀಯ ಮತ್ತೆ?"

"ಬ್ಯಾಂಕ್‌ನೋರು ಕೇಳ್ತಾವ್ರೆ ಅಪ್ಪ. ದುಡ್ಡು ಬೇಡ. ಸಾಲ ನಾನೇ ತೀರಿಸ್ಕತೀನಿ."

ಅಪ್ಪ ನನ್ನ ಕೈಯಿಂದ ಅರ್ಜಿ ತೆಗೆದುಕೊಂಡರು. ಜೇಬಿನಿಂದ ಪೆನ್ನೂ ತೆಗೆದರು. ಆ ಒಂದು ಗಳಿಗೆ ನನಗೆ ಮೊಪೆಡ್ಡಿನ ಅಪ್ಪನೇ ಕಂಡರು.

"ಸಾಲ ಯಾಕೆ? ಫೀಸು ನಾನೇ ಕಟ್ತೀನಿ. ಇನ್ಮೇಲೆ ಚೈತ್ರನ ಜೊತೆ ಮಾತಾಡಲ್ಲ, ಅವಳ ಮನೆ ಹೊಸಿಲು ತುಳಿಯಲ್ಲ ಅಂತ ನಿಮ್ಮಜ್ಜಿ ಮೇಲೆ ಆಣೆ ಮಾಡು. ಈಗ್ಲೇ ಬರ್ಕೊಡ್ತೀನಿ ಎಲ್ಲಾನೂವೆ."

ನಾನು ಅರ್ಜಿ ವಾಪಸ್ ತೆಗೆದುಕೊಂಡೆ. ನಾನು ಬಾಗಿಲು ದಾಟುವ ಮೊದಲೇ ಮೆಷಿನ್ ಮತ್ತೆ ಶುರುವಾಯಿತು.

ತಮ್ಮ ನಿಯಮದಲ್ಲಿ ಜಂಟಿ ಸಾಲಗಾರ ಎಂಬುದು ಒಂದು ಪದ. ನನ್ನ ಅಪ್ಪನ ಕೈಯಲ್ಲಿ ಅದು ತಕ್ಕಡಿಯಾಯಿತು. ಒಂದು ಕಡೆ ನನ್ನ ಓದು, ಇನ್ನೊಂದು ಕಡೆ ನನ್ನ ಅಕ್ಕ. ಅಪ್ಪನ ಸಿಟ್ಟಿಗೆ ತಾವು ಕಾರಣರಲ್ಲ, ಒಪ್ಪುತ್ತೇನೆ. ಆದರೆ ಆ ಸಿಟ್ಟಿಗೆ ಇಷ್ಟು ಬಲ ಕೊಟ್ಟವರು ಯಾರು? ನನ್ನ ಸಹಿಯೊಂದೇ ಸಾಕೆಂದು ತಾವು ಒಂದು ಸಾಲು ಬರೆದಿದ್ದರೆ, ಅಪ್ಪ ಬೈಯುತ್ತಿದ್ದರು, ಮಾತು ಬಿಡುತ್ತಿದ್ದರು, ನಾನು ಅಳುತ್ತ ಕಾಲೇಜಿಗೆ ಹೋಗುತ್ತಿದ್ದೆ. ಅದೂ ಕಷ್ಟವೇ. ಆದರೂ ಒಬ್ಬರನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಮಾತು ನಮ್ಮ ನಡುವೆ ಬರುತ್ತಿರಲಿಲ್ಲ.

ಮಿಲ್ಲಿನಲ್ಲಿ ನಡೆದದ್ದನ್ನು ಯಾರೋ ಅಜ್ಜಿಗೆ ಹೇಳಿದರು. ನಾನು ಮತ್ತೆ ಬ್ಯಾಂಕಿಗೆ ಹೋದ ದಿನ ಅಜ್ಜಿ ಪಕ್ಕದ ಮನೆಯವರ ಆಟೋದಲ್ಲಿ ತಿ. ನರಸೀಪುರಕ್ಕೇ ಬಂದುಬಿಟ್ಟಳು. ಮಗನಿಗೆ ಹೇಳಿರಲಿಲ್ಲ. ಬಲಗಾಲು ಎಳೆಯುತ್ತ ಬಂದು, ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು ಕೇಳಿದಳು:

"ಅವನ ಸೈನ್ ಆಯ್ತದೆ ಅಂತೀರಿ. ಅವನ್ನ ಎತ್ತವಳು ನಾನು. ನನ್ನ ಎಬ್ಬೆಟ್ಟು ಆಗಕಿಲ್ವಾ ಸಾ?"

ಅಧಿಕಾರಿ ಎದ್ದು ನಿಂತರು. "ನಿಮ್ಗೆ ಆದಾಯ ಇಲ್ವಲ್ಲ ಅಜ್ಜಿ. ವಯಸ್ಸೂ ಆಗಿದೆ. ಈ ಸಾಲ ತೀರೋಕೆ ತುಂಬ ವರ್ಷ ಬೇಕು. ಅಷ್ಟರಲ್ಲಿ..."

"ಅಷ್ಟರಲ್ಲಿ ನಾನು ಸತ್ತೋಗಿರ್ತೀನಿ. ಬಾಯ್ಬಿಟ್ಟು ಅನ್ನಿ ಸಾ, ಅದ್ರಲ್ಲಿ ನಾಚ್ಕೆ ಯಾಕೆ? ನಾನು ಸತ್ರೂ ಇವಳು ಇರ್ತಾಳಲ್ಲ. ಸಾಲ ತೀರ್ಸೋಳು ಇವಳು. ಇವಳನ್ನ ಯಾಕೆ ನೀವು ಯಾರೂ ನೋಡಕಿಲ್ಲ?"

ತಾವು ಎಷ್ಟೋ ಸಭೆಗಳಲ್ಲಿ ಎಷ್ಟೋ ತಜ್ಞರ ಮಾತು ಕೇಳಿರುತ್ತೀರಿ. ನನ್ನ ಅಜ್ಜಿಯ ಈ ಪ್ರಶ್ನೆಗೂ ಒಂದು ಉತ್ತರ ಹುಡುಕಿಸಿ. ಆ ಅಧಿಕಾರಿ ಅಜ್ಜಿಗೆ ನೀರು ತರಿಸಿಕೊಟ್ಟರು, ಯಾರಿಗೋ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು, ಕೊನೆಗೆ ತಲೆ ತಗ್ಗಿಸಿ "ರೂಲ್ಸ್ ಮೇಲಿಂದ ಬರುತ್ತೆ ಅಜ್ಜಿ" ಎಂದರು. ಆ ಮೇಲಿನವರು ತಾವೇ ಆದ್ದರಿಂದ ಈ ಪತ್ರ. ಆಟೋ ಹತ್ತುವ ಮುನ್ನ ಅಜ್ಜಿ ನನ್ನ ಕೈ ಹಿಡಿದುಕೊಂಡಳು, ಬಲಗೈಯಿಂದಲೇ. ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಗಿತ್ತು ಆ ಹಿಡಿತ.

ನಾನೀಗಲೂ ನಂಜನಗೂಡಿನಲ್ಲೇ ಇದ್ದೇನೆ. ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ರೂಮಿನಲ್ಲಿ ಇನ್ನಿಬ್ಬರು ಹುಡುಗಿಯರಿದ್ದಾರೆ, ಆದರೆ ಅವರ ಪಾಳಿ ಬೇರೆ. ನಾನು ಬರುವಾಗ ಅವರ ಹಾಸಿಗೆಗಳು ಮಡಚಿಟ್ಟಿರುತ್ತವೆ, ಅವರು ಬರುವಾಗ ನನ್ನದು. ಒಲೆಯ ಮೇಲೆ ಅವರು ಬಿಟ್ಟುಹೋದ ಸಾರು ಬೆಚ್ಚಗಿದ್ದರೆ ಯಾರೋ ಈಗಷ್ಟೇ ಇಲ್ಲಿದ್ದರು ಎಂದು ತಿಳಿಯುತ್ತದೆ. ರಜೆಯ ದಿನ ಕಪಿಲಾ ನದಿಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ. ದೇವಸ್ಥಾನಕ್ಕೆ ಬಂದ ಕುಟುಂಬಗಳು ನನ್ನ ಕೈಗೆ ಮೊಬೈಲ್ ಕೊಟ್ಟು, "ಒಂದು ಫೋಟೊ ತೆಗಿಯಮ್ಮ, ಎಲ್ರೂ ಬರೋ ಹಂಗೆ" ಎನ್ನುತ್ತಾರೆ. ತೆಗೆದುಕೊಡುತ್ತೇನೆ. "ಇನ್ನೂ ಹತ್ರ ಬನ್ನಿ, ಇನ್ನೂ ಹತ್ರ" ಎಂದು ನಾನೇ ಹೇಳುತ್ತೇನೆ. ಕೆಲವು ವಾರ ನಾನು ಕೆಲಸದ ಹೊರಗೆ ಆಡಿದ ಮಾತು ಅಷ್ಟೇ ಆಗಿರುತ್ತದೆ.

ಅಪ್ಪ ಇಟ್ಟ ಬೆಲೆಯನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಅವಳು ಬಳ್ಳಾರಿಯಿಂದ ಫೋನ್ ಮಾಡಿ "ಲೋನ್ ಏನಾಯ್ತೇ?" ಎಂದಾಗಲೆಲ್ಲ ಆಗ್ತಾ ಇದೆ ಎನ್ನುತ್ತಿದ್ದೆ. ಸೀಟು ಹೋದ ಮೇಲೆ ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ. ಅಕ್ಕ ಅಳಲಿಲ್ಲ. ಇಷ್ಟೇ ಕೇಳಿದಳು:

"ಮುಂದಿನ ವರ್ಷ ಮತ್ತೆ ಸೀಟು ಸಿಗುತ್ತಲ್ವಾ?"

"ಸಿಗಬಹುದು."

"ಹಂಗಾದ್ರೆ ಅಪ್ಪ ಹೇಳ್ದಂಗೆ ಕೇಳ್ಬಿಡೇ. ಓದು ಮುಗಿಯೋವರ್ಗೂ ತಾನೆ? ನಾನೇನು ಎಲ್ಲೂ ಓಡೋಗಲ್ಲ."

"ನನ್ ಕೈಲಾಗಲ್ಲ ಅಕ್ಕ. ಇನ್ನೊಂದ್ಸಲ ಹಂಗನ್ಬೇಡ," ಎಂದೆ. ಅವಳು ಸರಿ ಎಂದಳು. ಊಟ ಮಾಡಿದ್ಯಾ ಎಂದು ಕೇಳಿದಳು. ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋಗು ಎಂದಳು. ಎಂದಿನ ಹಾಗೆ "ಇಡ್ಲಾ?" ಎಂದು ಫೋನ್ ಇಟ್ಟಳು.

ಆವತ್ತಿನಿಂದ ಅಕ್ಕ ನನ್ನ ಫೋನ್ ಎತ್ತುತ್ತಿಲ್ಲ. ಭಾವನಿಗೆ ಮಾಡಿದರೆ, "ನಾನು ಹೇಳಿದ್ರೂ ಕೇಳ್ತಿಲ್ಲ ನಂದಿತಾ. ನಿನ್ನ ಹೆಸರು ಬಂದ್ರೆ ಎದ್ದು ಒಳಗೆ ಹೋಗ್ತಾಳೆ," ಎಂದರು. ನನ್ನ ಕೈಲಾಗದ ಕೆಲಸವನ್ನು ಅವಳೇ ನನಗಾಗಿ ಮಾಡುತ್ತಿದ್ದಾಳೆ. ಅಪ್ಪ ಮಾತು ಬಿಟ್ಟದ್ದು ಸಿಟ್ಟಿನಿಂದ. ಅಕ್ಕ ಮಾತು ಬಿಟ್ಟದ್ದು ಪ್ರೀತಿಯಿಂದ. ರೂಮಿನಲ್ಲಿ ಕೂತವಳಿಗೆ ಎರಡೂ ಒಂದೇ ರೀತಿ ಕೇಳಿಸುತ್ತವೆ.

ನನಗೆ ತಮ್ಮ ಕರುಣೆ ಬೇಡ. ಹದಿನೆಂಟು ತುಂಬಿ, ಓದಿ ಸೀಟು ಪಡೆದ ಹುಡುಗಿಯೋ ಹುಡುಗನೋ ಬಂದು, ಮನೆಯವರು ಸಹಿ ಹಾಕುವುದಿಲ್ಲ ಎಂದರೆ, ಅವರನ್ನು ಮನೆಗೆ ವಾಪಸ್ ಕಳಿಸಬೇಡಿ. ಕೂರಿಸಿ ವಿಚಾರಿಸಿ. ಅನುಮಾನವಿದ್ದರೆ ಊರಿಗೆ ಬಂದು ನಾಲ್ಕು ಜನರನ್ನು ಕೇಳಿ, ನಮ್ಮ ಕಡೆ ಯಾರ ಮನೆಯ ಮುನಿಸೂ ಗುಟ್ಟಲ್ಲ. ನಿಜವೆಂದು ಕಂಡರೆ ಅವರ ಹೆಸರಿನಲ್ಲಿಯೇ, ಅವರ ಸಹಿಯ ಮೇಲೆಯೇ ಸಾಲ ಕೊಡಿ. ಅವರ ಕೈ ಸೇರದ ಅಪ್ಪನ ಆದಾಯವನ್ನು ಅವರದೆಂದು ಲೆಕ್ಕ ಹಾಕಬೇಡಿ. ಇದನ್ನು ಮುಂದಿನ ವರ್ಷದ ಪ್ರವೇಶ ಶುರುವಾಗುವ ಮೊದಲೇ ಬರೆದು ಎಲ್ಲ ಶಾಖೆಗಳಿಗೂ ಕಳಿಸಿ. ತಮಗೆ ಇದು ಒಂದು ಸುತ್ತೋಲೆಯ ಕೆಲಸ. ಬಳ್ಳಾರಿಯಲ್ಲಿ ಒಬ್ಬಳು, ರಿಂಗಾಗುತ್ತಿರುವ ಫೋನನ್ನು ಕೈಯಲ್ಲಿ ಹಿಡಿದು, ಎತ್ತದೆ ಕೂತಿದ್ದಾಳೆ. ಸ್ವಲ್ಪ ಬೇಗ ಬರೆಯಿರಿ.

ಇಂತಿ,
ತಂದೆಯ ಹೆಸರು ಕೇಳಿದ ಕಡೆಯಲ್ಲೆಲ್ಲ ಇದ್ದದ್ದನ್ನೇ ಬರೆದು ಕೆಟ್ಟ,
ನಂದಿತಾ ಶಿವರಾಜು
ನಂಜನಗೂಡು