ಶ್ರೀಮತಿ ಮತ್ತು ಶ್ರೀ ಜೀವನ್

ಮಾರೇನಹಳ್ಳಿ, ವಿಜಯನಗರ
ಬೆಂಗಳೂರು
೧೧ ಮಾರ್ಚ್ ೨೦೨೫, ಮಂಗಳವಾರ

ನಮ್ಮ ಮನೆಯ ಸೊಸೆ ಹೇಮಶ್ರೀಗೆ ಮಾವನ ಆಶೀರ್ವಾದ.

ಹೇಗಿದ್ದೀಯಮ್ಮ? ಮಗು ಹೇಗಿದೆ? ನಲವತ್ತು ದಿನ ತುಂಬಿತು ಎಂದು ನಿನ್ನ ಅತ್ತೆ ನಿನ್ನೆ ಕ್ಯಾಲೆಂಡರ್ ನೋಡಿ ಹೇಳಿದಳು. ಬೆನ್ನುನೋವು ಕಡಿಮೆಯಾಯಿತೇ? ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಬಿಡಬೇಡವಂತೆ. ದಾವಣಗೆರೆ ಬಿಸಿಲೂರು, ಏನೂ ಆಗುವುದಿಲ್ಲ ಎಂದು ಉಡಾಫೆ ಮಾಡಿದರೆ ಮುಂದೆ ತಲೆನೋವು ಕಾಡುತ್ತದಂತೆ. ಇದೆಲ್ಲ ಅತ್ತೆ ಪಕ್ಕದಲ್ಲಿ ಕೂತು ಬರೆಸುತ್ತಿರುವ ಮಾತು. ಬಾಣಂತನದ ವಿಚಾರ ನನಗೇನು ಗೊತ್ತು. ನಿನ್ನ ತಾಯಿ ಕಲ್ಯಾಣಮ್ಮನವರು ನೋಡಿಕೊಳ್ಳುತ್ತಿರುವಾಗ ನಾವು ಹೇಳಬೇಕಾದದ್ದೂ ಇಲ್ಲ. ಈಗ ಅವಳು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದುಹೋದಳು, ಇನ್ನು ನನ್ನ ಮಾತು ಬರೆಯುತ್ತೇನೆ. ಒಂಬತ್ತು ದಿನದಿಂದ ನೀನು ನಮ್ಮ ಜೀವನ್ ಫೋನ್ ತೆಗೆಯುತ್ತಿಲ್ಲ. ನನ್ನದನ್ನೂ ತೆಗೆಯುವುದಿಲ್ಲವೇನೋ ಎಂಬ ಅಂಜಿಕೆಗೆ ನಾನು ಮಾಡಿಯೇ ಇಲ್ಲ. ಕಾಗದವಾದರೆ ಹರಿದುಹಾಕುವ ಮುಂಚೆ ಒಂದು ಸಲವಾದರೂ ಓದುತ್ತೀಯ ಎಂಬ ಆಸೆ.

ಚಿತ್ರೋತ್ಸವದ ದಿನದ್ದು ನೀನು ನೋಡಿರುವುದು ಯಾರೋ ಫೋನಿನಲ್ಲಿ ಹಿಡಿದ ಅರ್ಧ ನಿಮಿಷದ ವಿಡಿಯೋ. ಪೂರ್ತಿ ನಾನು ಹೇಳುತ್ತೇನೆ. ನಾಗರಬಾವಿಯ ಒಂದು ಕಲ್ಯಾಣಮಂಟಪದ ಮೇಲಿನ ಹಾಲಿನಲ್ಲಿ ಪರದೆ ಕಟ್ಟಿದ್ದರು. ಸ್ವಂತ ದುಡ್ಡಿನಲ್ಲಿ ಸಣ್ಣ ಸಿನಿಮಾ ಮಾಡುವ ಹುಡುಗ ಹುಡುಗಿಯರದೇ ಉತ್ಸವ, ದೊಡ್ಡವರು ಯಾರೂ ಇಲ್ಲ. ಕೆಳಗಿನ ಹಾಲಿನಲ್ಲಿ ನಿಶ್ಚಿತಾರ್ಥ. ನನ್ನ ಚಾಳಿ ನಿನಗೆ ಗೊತ್ತಲ್ಲ, ಹೆಣ್ಣು ಗಂಡಿನ ಹೆಸರನ್ನು ಬೋರ್ಡಿನಲ್ಲಿ ತಪ್ಪಿಲ್ಲದೆ ಬರೆದಿದ್ದಾರೋ ಎಂದು ನೋಡಿಕೊಂಡೇ ಮೆಟ್ಟಿಲು ಹತ್ತಿದೆ. ಜೀವನ್ ತೆಗೆದು ನೀನು ಸಂಕಲನ ಮಾಡಿದ ನಮ್ಮ ಸಿನಿಮಾ ಹಾಕಿದ್ದು ಹನ್ನೊಂದೂವರೆಗೆ. ನಿನ್ನ ಅತ್ತೆ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತು, ಅತ್ತಿಗುಪ್ಪೆಯ ಮೆಟ್ರೋ ಕಂಬಗಳ ಮಧ್ಯೆ ತನ್ನಪ್ಪನ ರಾಗಿ ಹೊಲದ ಬಾವಿ ಎಲ್ಲಿತ್ತೆಂದು ಪರದೆಯ ಮೇಲೆ ತಾನೇ ಹುಡುಕಿಕೊಂಡು ಓಡಾಡುವುದನ್ನು ತಾನೇ ನೋಡಿದಳು. ಕೊನೆಗೆ ಒಂದು ಕಂಬದ ಮೇಲೆ ಕೈಯಿಟ್ಟು ನಿಲ್ಲುತ್ತಾಳಲ್ಲ, ಮಾತಿಲ್ಲ ಕತೆಯಿಲ್ಲ, ಅಲ್ಲಿ ಫೋನ್ ನೋಡುತ್ತಿದ್ದ ಹುಡುಗರೂ ತಲೆ ಎತ್ತಿದರು. ಜೀವನ್ ಅದನ್ನು ಅರ್ಧಕ್ಕೆ ಕತ್ತರಿಸೋಣ ಎಂದಾಗ, ನೀನು ಏಳು ತಿಂಗಳ ಬಸುರಿ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಜಗಳಕ್ಕೆ ನಿಂತಿದ್ದೆ. 'ಅತ್ತೆ ಸುಮ್ನೆ ನಿಂತಿರಾದೇ ಸಿನಿಮಾ, ಅಲ್ಲಿ ಕತ್ತರಿ ಹಾಕಬ್ಯಾಡ್ರಿ' ಎಂದದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿತ್ತು. ಆವತ್ತು ನನಗೆ ಅರ್ಥವಾಗಿರಲಿಲ್ಲ.

ಸಂಜೆ ಬಹುಮಾನ ಹಂಚಿದರು. ಉತ್ಸವದ ಕೆಲಸವೆಲ್ಲ ಮೈಮೇಲೆ ಹಾಕಿಕೊಂಡಿದ್ದ ರಮ್ಯಶ್ರೀ ಎಂಬ ಹುಡುಗಿ ಮೈಕಿನಲ್ಲಿ ಹೆಸರು ಓದುತ್ತಿದ್ದಳು. ಒಳ್ಳೆಯ ಸಂಕಲನದ ಬಹುಮಾನ ನಮ್ಮ ಸಿನಿಮಾಕ್ಕೆ ಬಂತು. ತೀರ್ಪುಗಾರರು ಟೈಟಲ್‌ನಲ್ಲಿ ಸಂಕಲನ ಎಂಬುದರ ಮುಂದಿದ್ದ ಹೆಸರು ನೋಡಿ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಅವಳು ಹಾಗೆಯೇ ಓದಿದಳು, 'ಶ್ರೀಮತಿ ಮತ್ತು ಶ್ರೀ ಜೀವನ್' ಎಂದು. ಹಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹಿಂದಿನಿಂದ ಒಬ್ಬ 'ಮದ್ವೆ ಊಟ ಎಷ್ಟೊತ್ಗೆ ಗುರು' ಎಂದು ಕೂಗಿದ, ಇನ್ನಷ್ಟು ನಕ್ಕರು. ನೀನು ನೋಡಿದ ವಿಡಿಯೋ ಇಷ್ಟೇ. ಆಮೇಲೆ ಜೀವನ್ ಒಬ್ಬನೇ ವೇದಿಕೆ ಹತ್ತಿದ. ಫಲಕ ಹಿಡಿದುಕೊಂಡು ಮೈಕಿನ ಮುಂದೆ ನಿಂತವನು ನನ್ನ ಕಡೆ ಒಂದು ಸಲ ನೋಡಿದ. ಬಾಯಿ ಬಿಟ್ಟರೆ ಅಪ್ಪನ ಹೆಸರು ಹೇಳಬೇಕಾಗುತ್ತದೆ ಎಂದು ಸುಮ್ಮನೆ ಇಳಿದುಬಂದ.

ಏಕೆಂದರೆ ಟೈಟಲ್ ಮಾಡಿದವನು ಅವನಲ್ಲ, ನಾನು. ನೀನು ಹೆರಿಗೆಗೆ ಹೋದಮೇಲೆ, ಸಿನಿಮಾ ಕಳಿಸುವ ಕೊನೆಯ ದಿನ, ಅಕ್ಷರ ಅಂದವಾಗಿರಲಿ ಎಂದು ಹೆಸರುಗಳ ಪಟ್ಟಿಯನ್ನು ರಾಜಾಜಿನಗರದ ನನ್ನ ಪ್ರೆಸ್ಸಿಗೆ ತಂದುಕೊಟ್ಟಿದ್ದ. ನಲವತ್ತೆರಡು ವರ್ಷದಿಂದ ಲಗ್ನಪತ್ರಿಕೆ ಮಾಡಿಕೊಂಡು ಬಂದವನು ನಾನು. ಹಿರಿಯರು ಮೇಲೆ, ತೀರಿಕೊಂಡವರಿಗೆ ದಿವಂಗತ, ದಂಪತಿಗಳಾದರೆ ಶ್ರೀಮತಿ ಮತ್ತು ಶ್ರೀ. ಚಿಕ್ಕಪ್ಪನ ಹೆಸರು ಒಂದು ಸಾಲು ಕೆಳಗೆ ಹೋದರೆ ಎಲೆ ಮುಂದಿನಿಂದ ಎದ್ದುಹೋಗುವ ಜನ ನಮ್ಮವರು. ನನ್ನ ಪತ್ರಿಕೆಯಿಂದ ಒಂದು ಮನೆಯೂ ಒಡೆದಿಲ್ಲ ಎಂದು ನಿನ್ನ ಮುಂದೆಯೇ ಎಷ್ಟು ಸಲ ಜಂಬ ಕೊಚ್ಚಿಕೊಂಡಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ. ಅಪ್ಪನ ಪ್ರೂಫಿನಲ್ಲಿ ತಪ್ಪಿರುವುದಿಲ್ಲ ಎಂದು ಜೀವನ್ ಓದದೆ ಸೇರಿಸಿ ಕಳಿಸಿದ. ಅವನ ತಪ್ಪು ಅಷ್ಟೇ. ನೀನು ಅವನೇ ನಿನ್ನ ಹೆಸರು ತೆಗೆದನೆಂದು ತಿಳಿದಿದ್ದೀಯ. ಅವನು ಇಲ್ಲವೆನ್ನಲಿಲ್ಲ. ಏಕೆಂದು ನಾನು ಕೇಳಿದ್ದಕ್ಕೆ 'ನೀವೇನು ಬೇಕು ಅಂತ ಮಾಡಿದ್ರಾ ಅಪ್ಪ, ಅಭ್ಯಾಸಬಲ, ಬಿಡಿ. ಹೇಮಂಗೆ ನಾನೇ ಹೇಳ್ಕೋತೀನಿ' ಎಂದ.

ಆವತ್ತು ಆಟೋದಲ್ಲಿ ವಾಪಸು ಬರುವಾಗ ನಿನ್ನ ಅತ್ತೆ ನನ್ನ ಪಕ್ಕ ಕೂತಿದ್ದಳು. ಟೈಟಲ್‌ನಲ್ಲಿ ಅವಳ ಹೆಸರನ್ನು ನಾನು 'ಶ್ರೀಮತಿ ಮುನಿಲಕ್ಷ್ಮಮ್ಮ ದೊಡ್ಡಹನುಮಯ್ಯ' ಎಂದು ಹಾಕಿದ್ದೆ, ಅವಳಿಗೆ ಹೆಮ್ಮೆಯಾಗಿರಬೇಕು ಅಂದುಕೊಂಡೆ. ಮನೆ ಹತ್ತಿರ ಬಂದಾಗ ಕೇಳಿದಳು: 'ಬಾವಿ ನಮ್ಮಪ್ಪ ಗೂಳಪ್ಪಂದು. ಬಿಸ್ಲಲ್ಲಿ ಹುಡುಕ್ತಾ ಅಲೆದಿದ್ದು ನಾನು. ಮಧ್ಯ ನಿಮ್ ಹೆಸ್ರು ಯಾವಾಗ ಬಂದು ಸೇರ್ಕೊಳ್ತು?' ಆಟೋದವನಿಗೆ ಚಿಲ್ಲರೆ ಕೊಡುವ ನೆಪದಲ್ಲಿ ಹಿಂದೆ ಉಳಿದೆ.

ಹೇಮಾ, ಅಭ್ಯಾಸಬಲ ಎನ್ನುವುದು ಸುಳ್ಳು ಕಣಮ್ಮ. ಪಟ್ಟಿಯಲ್ಲಿ ಜೀವನ್ ದುಂಡಗೆ ಬರೆದಿದ್ದ, ಸಂಕಲನ: ಹೇಮಶ್ರೀ ಶಿವಯೋಗಿ ಎಂದು. ಮದುವೆಯಾಗಿ ನಾಲ್ಕು ವರ್ಷ, ನಮ್ಮ ಮನೆಯ ಸಿನಿಮಾ, ಇವಳಿಗೆ ಇನ್ನೂ ಅಪ್ಪನ ಹೆಸರೇ ಬೇಕೇ ಎಂದು ಹೊಟ್ಟೆಕಿಚ್ಚುಪಟ್ಟೆ. ನಿನ್ನ ತಂದೆ ಶಿವಯೋಗಿಯವರು ನನಗೆ ಏನೂ ಕೆಟ್ಟದ್ದು ಮಾಡಿದವರಲ್ಲ. ಸುಮ್ಮನೆ ಬೀಗರ ಮೇಲಿನ ಹಟ. ಕೆಂಪು ಪೆನ್ನು ತೆಗೆದು ಅಡ್ಡಗೀಟು ಎಳೆದೆ, ಮೇಲೆ ಶ್ರೀಮತಿ ಮತ್ತು ಶ್ರೀ ಜೀವನ್ ಎಂದು ಬರೆದೆ. ಆ ಪಟ್ಟಿ ಇನ್ನೂ ನನ್ನ ಡ್ರಾಯರಿನಲ್ಲಿದೆ. ಇದು ಜೀವನ್‌ಗೂ ಗೊತ್ತಿಲ್ಲ, ಇವತ್ತು ಸಂಜೆ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು.

ಬಹುಮಾನ ಬಂದ ಸಿನಿಮಾಗಳನ್ನು ಬರುವ ಭಾನುವಾರ ಅದೇ ಹಾಲಿನಲ್ಲಿ ಮತ್ತೊಮ್ಮೆ ತೋರಿಸುತ್ತಾರೆ. ನಿನ್ನೆ ರಮ್ಯಶ್ರೀಯನ್ನು ಹುಡುಕಿಕೊಂಡು ಹೋಗಿ ಹೊಸ ಟೈಟಲ್ ಕೊಟ್ಟುಬಂದೆ. ಜೀವನ್ ಬರೆದಿದ್ದ ಹಾಗೆಯೇ ನಿನ್ನ ಹೆಸರು, ಪರದೆಯ ಮೇಲೆ ಅದೊಂದೇ. ಆ ಹುಡುಗಿ 'ಅಂಕಲ್, ಆವತ್ತು ಓದಿದ್ದು ನಾನೇ, ಅವ್ರಿಗೆ ಸಾರಿ ಹೇಳಿ' ಎಂದಳು. ಬರೆದದ್ದನ್ನು ಓದಿದ ತಪ್ಪಿಗೆ ಅವಳು ಕ್ಷಮೆ ಕೇಳಿದಳು, ಬರೆದವನು ಇನ್ನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ನನ್ನಿಂದ ತಪ್ಪಾಯಿತು, ಕ್ಷಮಿಸು. ಆಗದಿದ್ದರೆ ನನ್ನ ಮೇಲೆ ಎಷ್ಟು ದಿನ ಬೇಕಾದರೂ ಕೋಪ ಇಟ್ಟುಕೋ. ಜೀವನ್ ಫೋನ್ ಮಾತ್ರ ತೆಗಿಯಮ್ಮ. ಅವನು ಫೋನಿನಲ್ಲಿ ಮಗಳ ಮುಖ ನೋಡಿ ಒಂಬತ್ತು ದಿನವಾಯಿತು.

ನಿನ್ನ ತಂದೆ ತಾಯಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ನೀನೂ ಮಗುವೂ ತಣ್ಣಗಿರಿ.

ನಿನ್ನ ಮಾವ
ದೊಡ್ಡಹನುಮಯ್ಯ

ವಿ. ಸೂ.: ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ, ಮಗುವಿನ ನಾಮಕರಣದ ಪತ್ರಿಕೆಯ ಪ್ರೂಫ್. ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದರ ಕೆಳಗೆ ಹೇಮಶ್ರೀ ಶಿವಯೋಗಿ, ಆಮೇಲೆ ಜೀವನ್. ಅಜ್ಜಿಯರ ಸಾಲಿನಲ್ಲಿ ಗೂಳಪ್ಪನವರ ಮಗಳು ಮುನಿಲಕ್ಷ್ಮಮ್ಮ ಇದ್ದಾಳೆ, ಅದು ಅವಳೇ ಹೇಳಿ ಹಾಕಿಸಿದ್ದು. ನಾನು ಎಲ್ಲರಿಗಿಂತ ಕೆಳಗಿದ್ದೇನೆ. ಜೊತೆಗೆ ನನ್ನ ಕೆಂಪು ಪೆನ್ನನ್ನೂ ಇಟ್ಟಿದ್ದೇನೆ. ಯಾವ ಹೆಸರು ಇರಬಾರದು ಎಂದು ನಿನಗೆ ಅನ್ನಿಸುತ್ತದೋ ಅದರ ಮೇಲೆ ಗೀಟು ಎಳೆದು ವಾಪಸು ಕಳಿಸು. ಹಾಗೆಯೇ ಅಚ್ಚು ಹಾಕಿಸುತ್ತೇನೆ.