ಅಕ್ಕನ ಖಾತೆ, ಭಾವನ ಫೋನು

ಮಾನ್ಯ ಶಾಖಾ ವ್ಯವಸ್ಥಾಪಕರೇ,

ನನ್ನ ಅಕ್ಕನ ಸಂಬಳದ ಖಾತೆ ನಿಮ್ಮ ಶಾಖೆಯಲ್ಲಿದೆ. ಅವಳು ಹಣ ತೆಗೆದಾಗಲೆಲ್ಲ, ಎಲ್ಲಿ ತೆಗೆದಳೆಂಬ ಸುದ್ದಿಯನ್ನು ನಿಮ್ಮ ಬ್ಯಾಂಕು ಅವಳು ಯಾರಿಂದ ತಪ್ಪಿಸಿಕೊಂಡು ಬಂದಿದ್ದಾಳೋ ಆ ಮನುಷ್ಯನಿಗೇ ಮುಟ್ಟಿಸುತ್ತಿದೆ. ಇಷ್ಟು ನಿಷ್ಠೆಯ ಸೇವೆಯನ್ನು ದಯವಿಟ್ಟು ನಿಲ್ಲಿಸಿ.

ಅಕ್ಕ ನರ್ಸ್. ಮದುವೆಯಾದ ಹೊಸದರಲ್ಲಿ ಖಾತೆ ತೆರೆಯಲು ಬಂದಾಗ ಅವಳ ಕೈಯಲ್ಲೂ ಫೋನಿತ್ತು. ಡ್ಯೂಟಿಯಲ್ಲಿ ನೀವು ಫೋನ್ ನೋಡೋಕಾಗಲ್ಲ, ಯಜಮಾನರ ನಂಬರೇ ಇರಲಿ ಎಂದು ನಿಮ್ಮ ಗುಮಾಸ್ತರು ಸಲಹೆ ಕೊಟ್ಟರಂತೆ. ಅವಳು ತಲೆಯಾಡಿಸಿದಳಂತೆ. ಒಮ್ಮೆ ತಲೆಯಾಡಿಸಿದ್ದು ಇಷ್ಟು ವರ್ಷ ಬಾಳಿಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಈ ವರ್ಷ ಅವಳು ಭಾವನ ಮನೆ ಬಿಟ್ಟಳು. ಅವಳ ಮಣಿಕಟ್ಟಿಗೆ ಪಟ್ಟಿ ಹಾಕಿದವರು ಜೊತೆಯ ನರ್ಸುಗಳೇ. ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರದಲ್ಲಿ ಕಾರಣವನ್ನು ಇದಕ್ಕಿಂತ ಬಿಡಿಸಿ ಬರೆಯಲಾರೆ. ಅದೇ ಸಂಸ್ಥೆಯ ಇನ್ನೊಂದು ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡು, ಯಾರಿಗೂ ಹೇಳದೆ ಅಕ್ಕತಂಗಿಯರಿಬ್ಬರೂ ಒಂದು ಕೋಣೆ ಹಿಡಿದೆವು. ಮೊದಲ ಸಂಬಳ ಬಂದ ಸಂಜೆ ಅಕ್ಕ ಬೀದಿಯ ಕೊನೆಯ ಎಟಿಎಂನಲ್ಲಿ ಹಣ ತೆಗೆದಳು. ಮರುದಿನ ಬೆಳಿಗ್ಗೆ ಭಾವ ಅದೇ ಎಟಿಎಂ ಮೆಟ್ಟಿಲ ಮೇಲೆ ಕೂತಿದ್ದರು. ಫೋನು ಎತ್ತಿ ತೋರಿಸಿ, "ಮೆಸೇಜ್ ಬಂತು. ಹೊಸ ಏರಿಯಾ ಚೆನ್ನಾಗಿದೆ ಕಣೇ," ಎಂದರು. ಅಂದೇ ಕೋಣೆ ಖಾಲಿ ಮಾಡಿದೆವು.

ನಂಬರ್ ಬದಲಿಸಿಕೊಡಿ ಎಂದು ನಿಮ್ಮಲ್ಲಿಗೆ ಬಂದೆವು. ಕೌಂಟರಿನಾಕೆ ಏನೋ ಒತ್ತಿ, ಒಟಿಪಿ ಹೇಳಿ ಮೇಡಂ ಎಂದರು. ಅದು ಹೋಗುವುದೇ ಯಜಮಾನರ ಫೋನಿಗೆ ಎಂದಳು ಅಕ್ಕ.

"ಹಾಗಾದ್ರೆ ಯಜಮಾನ್ರಿಗೆ ಒಂದು ಫೋನ್ ಹಾಕಿ ಕೇಳಿಬಿಡಿ. ಒಂದ್ ನಿಮಿಷದ ಕೆಲ್ಸ."

ಸಾಲಿನಲ್ಲಿದ್ದ ಯಾರೋ ನಕ್ಕರು. ಅಕ್ಕ ಬ್ಯಾಗು ಎತ್ತಿಕೊಂಡಳು. "ನಡಿಯೇ, ನಾವಿಲ್ಲಿದ್ದೀವಿ ಅಂತ ಅವರಿಗೆ ಗೊತ್ತಾಗಿರುತ್ತೆ ಈಗ."

ನಿಮ್ಮ ಗೋಡೆಯ ಮೇಲೆ 'ನಿಮ್ಮ ಖಾತೆಯನ್ನು ಅರಿಯಿರಿ' ಎಂಬ ಫಲಕವಿದೆ. ಅದರಲ್ಲೊಬ್ಬ ಹೆಂಗಸು ಫೋನು ನೋಡಿ ನಗುತ್ತಿದ್ದಾಳೆ. ಆ ಫೋನು ಅವಳದೇ ಎಂದು ನನಗಂತೂ ನಂಬಿಕೆಯಿಲ್ಲ. ನಾವು ಅರಿತದ್ದು ಇಷ್ಟು: ಖಾತೆ ಮುಚ್ಚಲೂ ಒಟಿಪಿ ಬೇಕು. ನಿಮ್ಮಲ್ಲೇ ಇನ್ನೊಂದು ಖಾತೆ ತೆರೆದರೂ ಹಳೆಯ ನಂಬರೇ ಅಂಟಿಕೊಂಡು ಬರುತ್ತದೆ. ಬೇರೆ ಬ್ಯಾಂಕಿಗೆ ಹೋಗೋಣವೆಂದರೆ ಆಸ್ಪತ್ರೆ ಸಂಬಳ ಹಾಕುವುದು ನಿಮ್ಮಲ್ಲಿ ಮಾತ್ರ. ದುಡಿಯುವವಳು ಅವಳು, ಸಹಿ ಅವಳದು, ಫೋಟೋ ಅವಳದು. ಹಾಗಿದ್ದರೆ ಸ್ವಾಮಿ, ನಿಮ್ಮ ಗ್ರಾಹಕರು ಯಾರು? ಈಗ ಅವಳು ಸಂಬಳ ಮುಟ್ಟುತ್ತಿಲ್ಲ. ನನ್ನ ಟ್ಯೂಷನ್ ದುಡ್ಡಿನಲ್ಲಿ ಇಬ್ಬರೂ ಉಣ್ಣುತ್ತಿದ್ದೇವೆ.

ನಮ್ಮ ಬೇಡಿಕೆ ಒಂದೇ. ಅಕ್ಕನ ಮುಖ, ಸಹಿ, ಗುರುತಿನ ಚೀಟಿ ಎಲ್ಲವನ್ನೂ ನಿಮ್ಮ ಕಣ್ಣಾರೆ ನೋಡಿ, ಆ ಫೋನಿಗೆ ಒಂದಕ್ಷರವೂ ಹೋಗದಂತೆ ನಂಬರ್ ಬದಲಿಸಿಕೊಡಿ. ನಿಮಗೆ ಆ ಅಧಿಕಾರವಿಲ್ಲದಿದ್ದರೆ, ಇರುವವರನ್ನು ಕರೆಸಿ ಕೂರಿಸಿಕೊಳ್ಳಿ. ನಾವು ಬರುವ ದಿನವನ್ನು ಮಾತ್ರ ಇಲ್ಲಿ ಬರೆಯಲಾರೆ. ಭಾವನೂ ಪತ್ರಿಕೆ ಓದುತ್ತಾರೆ.

ಇಂತಿ,
ನಿಮ್ಮ ಕೌಂಟರಿನೆದುರು ತುಟಿ ಬಿಚ್ಚಲಾಗದೆ ನಿಂತಿದ್ದ ತಂಗಿ