ನಡುವೆ ನುಂಗಿದ ಗುಟುಕು

ಮಹಾಜನಗಳೇ! ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕುಳಿತ ಅಜ್ಜಿಯರೇ, ಅಕ್ಕಂದಿರೇ, ಹಿಂದೆ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿರುವ ಅಣ್ಣಂದಿರೇ! ಸ್ವಲ್ಪ ಸದ್ದಡಗಿಸಿ. ನಿಮಗಿಂತ ನೂರ ಎಪ್ಪತ್ತು ವರ್ಷ ಮುಂದಿರುವ ಒಬ್ಬ ಮನುಷ್ಯ ನಿಮ್ಮೆದುರು ನಿಂತಿದ್ದಾನೆ. ಅವನಿಗೆ ದಾರಿ ತಪ್ಪಿದೆ.

ತಾರೀಖು: ಎರಡು ಸಾವಿರದ ನೂರ ತೊಂಬತ್ತಾರು, ಉರಿಮಾಸದ ನಲವತ್ತೊಂದನೆಯ ದಿನ, ಬುಧವಾರ. ನಗಬೇಡಿ. ನಿಮ್ಮ ಮಾರ್ಚ್, ಏಪ್ರಿಲ್, ಮೇ ಮೂರನ್ನೂ ನಮ್ಮ ಹಿರಿಯರು ಒಂದೇ ತಿಂಗಳಾಗಿ ಹೊಲಿದುಬಿಟ್ಟರು. ಬೇರೆ ಬೇರೆ ಹೆಸರಿಡಲು ಬಿಸಿಲು ಕಾರಣವನ್ನೇ ಉಳಿಸಿರಲಿಲ್ಲ. ನನ್ನ ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಸ್ವರ ಎತ್ತರವಾದರೆ ಅದಕ್ಕೂ ಕ್ಷಮಿಸಿ. ಅಪ್ಪ ರಾಜಪಾರ್ಟು, ಅವ್ವ ಹಾರ್ಮೋನಿಯಂ. ನನ್ನನ್ನು ತೂಗಿದ್ದು ರಂಗದ ಪರದೆ ಕಟ್ಟಿ ಮಾಡಿದ ಜೋಲಿಯಲ್ಲಿ. ಹೆಸರು ಸತ್ಯಾನಂದ ಮಗ್ಗದ. ಊರು, ಕಪ್ಪತಗುಡ್ಡದ ಮಗ್ಗುಲಲ್ಲಿರುವ ಬೇಥಾನ್ಯದಿಬ್ಬ.

ಇಲ್ಲಿ ನಮ್ಮ ಗುಡಿ, ಅಂದರೆ ಕ್ರಿಸ್ತನ ಆಲಯ, ನೆಲದ ಮೇಲಿಲ್ಲ. ಕೆಳಗಿದೆ. ಮೂವತ್ತೆರಡು ಮೆಟ್ಟಿಲು ಇಳಿಯಬೇಕು. ಅದನ್ನು ನಾವು ತಂಪುಮನೆ ಎನ್ನುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಗಂಟೆ ಬಾರಿಸಿದರೆ ಸುತ್ತಲಿನ ಹೊಲಗಳಿಂದ ಜನ ಓಡಿಬರುತ್ತಾರೆ. ಯಾವ ದೇವರವರು ಎಂದು ಕೇಳುವುದಿಲ್ಲ. ಸಂಜೆಯ ತನಕ ಅಲ್ಲೇ ಮಲಗುವುದು, ಅಂಬಲಿ ಕುಡಿಯುವುದು, ಮಕ್ಕಳ ತಲೆ ಬಾಚುವುದು, ಜಗಳವಾಡುವುದು. ಪ್ರಾರ್ಥನೆಯ ಬೆಂಚುಗಳೇ ಮಂಚಗಳು. ಒಬ್ಬ ಮುದುಕ ಯಜ್ಞವೇದಿಯ ಮೆಟ್ಟಿಲಿಗೇ ದಿಂಬು ಇಟ್ಟುಕೊಂಡು ಗೊರಕೆ ಹೊಡೆಯುತ್ತಾನೆ, ಯಾರೂ ಎಬ್ಬಿಸುವುದಿಲ್ಲ.

ಹೊಸ್ತಿಲಲ್ಲಿ ಬೋಗುಣಿ ಇದೆ. ಮೆಟ್ಟು ಹಾಕಿದರೂ ಕಾಲು ಸುಡುವ ನೆಲ ನಮ್ಮದು. ಆದ್ದರಿಂದ ಒಳಗೆ ಬರುವವರ ಕಾಲನ್ನು ಮನೆತನದ ಸರದಿಯಂತೆ ನಾವು ತೊಳೆಯುತ್ತೇವೆ, ಬೊಬ್ಬೆಗೆ ಎಣ್ಣೆ ಹಚ್ಚುತ್ತೇವೆ. ಇದು ಪಾದಪಾಳಿ. ತೊಳೆಯುವವನು ಮೊದಲು ಒಂದು ಗುಟುಕು ನೀರನ್ನು ಬಾಯಲ್ಲಿ ಹಿಡಿಯಬೇಕು. ಕೊನೆಯ ಕಾಲು ಒರೆಸುವ ತನಕ ಅದನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಇದಕ್ಕೆ ಮೌನಗುಟುಕು ಎಂದು ಹೆಸರು. ಹಿಂದೆ ಒಬ್ಬ ಹಿರಿಯರು ಕಾಲು ಹಿಡಿದುಕೊಂಡೇ ಧರ್ಮಬೋಧೆಯ ಪ್ರಸಂಗ ಮಾಡುತ್ತಿದ್ದರಂತೆ. ಬಂದವರು ಕಾಲು ಬಿಡಿಸಿಕೊಳ್ಳಲಾರದೆ ಕೇಳಿದರು. ಆಮೇಲೆ ಬರುವುದನ್ನೇ ಬಿಟ್ಟರು. ಅಂದಿನಿಂದ ಈ ಕಟ್ಟಳೆ.

ಮೂಕನಿಗೆ ಸುಲಭ. ನನಗೆ? ಇಪ್ಪತ್ತೆರಡು ವರ್ಷದಿಂದ ಪವಿತ್ರ ಗುರುವಾರದ ನಾಟಕದಲ್ಲಿ ನಾನೇ ಪೇತ್ರ! ಶಿಷ್ಯರ ಕಾಲು ತೊಳೆಯಲು ಬಂದ ಕ್ರಿಸ್ತಸ್ವಾಮಿ ತನ್ನ ಕಾಲನ್ನು ತೊಳೆಯಬಾರದೆಂದು ಹಟ ಹಿಡಿಯುವ ಶಿಷ್ಯ ಪೇತ್ರ! ನಾನು ಆ ಮಾತನ್ನು ಎತ್ತಿದರೆ ಗುಡ್ಡದಾಚೆಯ ನಾಯಿಗಳು ಉತ್ತರ ಕೊಡುತ್ತವೆ.

ಭಾನುವಾರ ಪಾಳಿ ನನ್ನದಿತ್ತು. ನೀಲಗಂಗವ್ವ ಬಂದಳು. ಬಿಸಿಲಹಲಗೆ ಒರೆಸುವ ಮುದುಕಿ. ಬಿಸಿಲಹಲಗೆ ಎಂದರೆ ಸೂರ್ಯನಿಂದ ದೀಪಕ್ಕೆ ಶಕ್ತಿ ಹಿಡಿಯುವ ಗಾಜಿನ ಹಾಸು, ನಮ್ಮ ಹೊಲಗಳಲ್ಲಿ ಬೆಳೆಯುವ ಒಂದೇ ಬೆಳೆ. ಒಡೆದ ಹಲಗೆಯ ಚೂರೊಂದು ಆಕೆಯ ಹಿಮ್ಮಡಿಯಲ್ಲಿ ಇಳಿದು ಕೂತಿತ್ತು. ನಾನು ಕಂಡೆ. ಬೆರಳಿಗೂ ಸಿಕ್ಕಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಯಾರೋ ಕೂಗಿದರು, “ಪೇತ್ರಪ್ಪಾ, ಗುರುವಾರದ ಮಾತು ಒಂಚೂರು ಕೇಳಿಸೋ!”

ಮಹಾಜನಗಳೇ, ನಾನು ಗುಟುಕನ್ನು ನುಂಗಿದೆ.

ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಪೇತ್ರನ ಮಾತು, ಅದರ ಹಿಂದೆ ಸ್ವಾಮಿಯ ಮಾತು, ಎರಡು ಪಾರ್ಟನ್ನೂ ಒಬ್ಬನೇ ಸಿಡಿಸಿದೆ. ತಂಪುಮನೆ ಚಪ್ಪಾಳೆಯಿಂದ ನಡುಗಿತು. ಯಾರೋ “ಒನ್ಸ್ ಮೋರ್” ಎಂದರು. ನಾನು ಜನರತ್ತ ತಿರುಗಿ ಕೈ ಮುಗಿದೆ. ಮತ್ತೆ ಇತ್ತ ತಿರುಗಿದಾಗ ಬೋಗುಣಿಯಲ್ಲಿ ಕಾಲಿರಲಿಲ್ಲ.

“ತೊಳಿಯೋದಿದ್ರ ತೊಳೀರಿ, ನಾಟಕ ಆಡೋದಿದ್ರ ಆಡ್ರಿ,” ಎಂದಳು ನೀಲಗಂಗವ್ವ, ಮೆಟ್ಟು ಸಿಕ್ಕಿಸಿಕೊಳ್ಳುತ್ತ. “ನನ್ನ ಕಾಲೇನು ನಿಮ್ಮ ನಾಟಕದ ಸಾಮಾನಲ್ಲ.”

ಕುಂಟುತ್ತ ಮೂವತ್ತೆರಡು ಮೆಟ್ಟಿಲು ಹತ್ತಿ ಉರಿಯೊಳಗೆ ಹೋದಳು. ಆ ಚೂರು ಆಕೆಯ ಕಾಲಲ್ಲೇ ಹೋಯಿತು.

ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ, ಇಂದೂ ಬರಲಿಲ್ಲ. ನಡುಹಗಲನ್ನು ಹಲಗೆಗಳ ಅಡಿಯಲ್ಲೇ ಮಲಗಿ ಕಳೆಯುತ್ತಾಳಂತೆ. ಕಾದ ಗಾಜಿನಡಿಯ ಆ ನೆರಳು ಬಿಸಿಲಿಗಿಂತ ಕೆಟ್ಟದ್ದು. ಹಿಮ್ಮಡಿ ಬಾತು ಕುಂಬಳಕಾಯಿಯಾಗಿದೆ ಎಂದು ನೋಡಿ ಬಂದವರು ಹೇಳಿದರು. ಕರೆಯಲು ಹೋದವರಿಗೆ, “ಅಲ್ಲಿ ಸೀಟಿ ಹೊಡಿಯಾಕ ಜನಾ ಅದಾರ, ನಾ ಯಾಕ?” ಎಂದಳಂತೆ. ಚೂರನ್ನು ಮುಟ್ಟಲೂ ಬಿಡಲಿಲ್ಲ.

ತಂಪುಮನೆಯ ಉಸ್ತುವಾರಿ ನೋಡುವ ತಬಿಥವ್ವನ ಬಳಿ ಹೋಗಿ ಅತ್ತೆ. ನಿಜವಾಗಿ ಅತ್ತೆನೋ, ಅಭ್ಯಾಸಬಲದಿಂದ ಅತ್ತೆನೋ, ಈಗಲೂ ತಿಳಿಯದು. ಆಕೆ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಸತ್ಯಾ, ನನ್ನ ಮುಂದ ಯಾಕ ಅಳ್ತಿ? ನನ್ನ ಕಾಲಾಗ ಏನೂ ಚುಚ್ಚಿಲ್ಲ.”

“ಹೋಗಿ ಕ್ಷಮಾ ಕೇಳ್ತೀನಿ ಅವ್ವಾ.”

“ಹೆಂಗ ಕೇಳ್ತಿ? ಕೇಳಿ ತೋರಿಸು ನೋಡೂಣು.”

ಕೇಳಿ ತೋರಿಸಿದೆ. ಒಂದು ಮೊಣಕಾಲು ನೆಲಕ್ಕೂರಿ, ಬಲಗೈ ಎದೆಗಿಟ್ಟು. ತಬಿಥವ್ವ ಮೊರ ಕೆಳಗಿಟ್ಟು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ, “ಇಕ್ಕಳ ತಗೊಂಡು ಹೋಗಪಾ, ಬಾಯಿ ಬ್ಯಾಡ,” ಎಂದಳು.

ಇಲ್ಲಿಗೆ ನನ್ನ ಬುದ್ಧಿ ಕಲಕಿದ ನೀರಾಗಿದೆ, ಮಹಾಜನಗಳೇ. ಹಲಗೆಹೊಲಕ್ಕೆ ನಡೆದು ಹೋಗಬಹುದಾದದ್ದು ನಸುಕಿನಲ್ಲಿ ಮಾತ್ರ. ನಾಟಕ ನಡೆಯುವುದೂ ನಾಳೆಯ ಅದೇ ನಸುಕಿನಲ್ಲಿ. ಏಳು ದಿಬ್ಬದ ಜನ ನನ್ನ ಪೇತ್ರನಿಗಾಗಿ ಬರುತ್ತಾರೆ. ಕೆಲವರಿಗೆ ವರ್ಷದಲ್ಲಿ ಸ್ವಾಮಿಯ ಹೆಸರು ಕಿವಿಗೆ ಬೀಳುವುದು ಅದೊಂದೇ ದಿನ. ಅದು ಸೇವೆಯಲ್ಲವೇ? ಅತ್ತ ಒಂದು ಹಿಮ್ಮಡಿ. ನಾನು ಮಾತಿಲ್ಲದೆ ಹೋದರೆ ಯಾರ ಹೆಸರಿನಲ್ಲಿ ಬಂದೆನೆಂದು ಆಕೆಗೆ ತಿಳಿಯುವುದು ಹೇಗೆ? ಹೆಸರು ಹೇಳಿದರೆ ಮತ್ತೆ ನಾಟಕವಾಗದೇ? ಹೋಗುವುದು ಆಕೆಗಾಗಿಯೋ, ಸ್ವಾಮಿಗಾಗಿಯೋ, ತಬಿಥವ್ವ ಮೆಚ್ಚಲಿ ಎಂದೋ?

ನಿಮ್ಮನ್ನು ಕೇಳುತ್ತೇನೆ. ನಿಮ್ಮ ಕಾಲದಲ್ಲಿ ಶಿಲುಬೆಯ ಸರ ಹಾಕಿದ ದಾದಿಯರು ಕುಷ್ಠರೋಗಿಯ ಗಾಯ ಕಟ್ಟುವಾಗ ಏನನ್ನಾದರೂ ಹೇಳುತ್ತಿದ್ದರೇ? ಅಥವಾ ಪಟ್ಟಿ ಸುತ್ತಿ, ಗಂಟು ಹಾಕಿ, ಮುಂದಿನ ಮಂಚಕ್ಕೆ ಹೋಗುತ್ತಿದ್ದರೇ? ಬರೆದಿಡಿ. ಒಂದು ಗಡಿಗೆಯಲ್ಲಿ ಹಾಕಿ ಯಾವುದಾದರೂ ಆಲಯದ ತಳಪಾಯದಲ್ಲಿ ಹೂಳಿ. ನಾವು ಇಲ್ಲಿ ದಿನವೂ ಅಗೆಯುತ್ತಿರುತ್ತೇವೆ. ಈ ಓಲೆಯನ್ನೂ ಹಾಗೆಯೇ ಹೂಳುತ್ತೇನೆ. ಅದು ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರ ಪಟ್ಟಿಗೆ ಇದೂ ಒಂದು.

ನಿಮ್ಮ ಉತ್ತರ ಬರುವ ತನಕ ಆ ಕಾಲು ಕಾಯುವುದಿಲ್ಲ. ಪೇತ್ರನ ನಿಲುವಂಗಿಯ ಅಂಚನ್ನು ಈಗಷ್ಟೇ ಹರಿದು, ಕುದಿಸಿ, ಒಣಗಲು ಹಾಕಿದ್ದೇನೆ. ನಾಳೆ ನಸುಕಿನಲ್ಲಿ, ಅವರು ಪರದೆ ಎತ್ತುವಾಗ, ನಾನು ಬೋಗುಣಿ ಹೊತ್ತು, ಇಕ್ಕಳ ಸಿಕ್ಕಿಸಿಕೊಂಡು ಗುಡ್ಡ ಇಳಿಯುತ್ತೇನೆ. ಗುಟುಕನ್ನು ಇಲ್ಲಿಂದಲೇ ಬಾಯಲ್ಲಿ ಹಿಡಿದಿರುತ್ತೇನೆ. ನೀಲಗಂಗವ್ವ ಬೈಯುತ್ತಾಳೆ, ಯಾಕೆ ಬಂದೆ ಎಂದು ಕೇಳುತ್ತಾಳೆ. ನಾನು ಕಾಲಿನ ಬಳಿ ಕೂರುತ್ತೇನೆ. ಒದ್ದರೆ ಮತ್ತೆ ಕೂರುತ್ತೇನೆ. ಆ ಚೂರು ಹೊರಗೆ ಬಂದು ಪಟ್ಟಿಗೆ ಗಂಟು ಬೀಳುವ ತನಕ ನಾನು ನುಂಗುವುದಿಲ್ಲ.